ಪೂರ್ವ ತೋರಿಸಿದ ಬೆರಳು

ಪಾಠ ಹೇಳುವವರಿಗೆ ಒಂದು ಕಾಯಿಲೆ ಉಂಟು. ಪುಸ್ತಕದಲ್ಲಿರುವಷ್ಟನ್ನು ಹೇಳಿ ಸುಮ್ಮನಾದರೆ ಉಂಡ ಅನ್ನ ಅರಗುವುದಿಲ್ಲ. ಜೊತೆಗೆ ತಮ್ಮ ಮನೆಯ ಹಿರಿಮೆಯನ್ನೂ ಒಂದಿಷ್ಟು ಬಡಿಸಬೇಕು. ನನಗೆ ಇದು ಸ್ವಲ್ಪ ಹೆಚ್ಚೇ ಇದೆ. ಸಿಯಾಟಲ್ ಪಕ್ಕದ ಒಂದು ಹೈಸ್ಕೂಲಿನಲ್ಲಿ ನಾನು ಮನಃಶಾಸ್ತ್ರ ಕಲಿಸುತ್ತೇನೆ. ಆ ವಿಷಯಕ್ಕೆ ಇಡೀ ಶಾಲೆಗೆ ನಾನೊಬ್ಬಳೇ ಆದ್ದರಿಂದ ಮಗಳು ಅನಘಾ ಕೂಡ ನನ್ನ ಕ್ಲಾಸಿನಲ್ಲೇ ಕೂರಬೇಕು. ಹಿಂದಿನ ಸಾಲಿನಲ್ಲಿ ಕೂತು, ಈ ಹೆಂಗಸು ಯಾರೋ ತನಗೆ ಗೊತ್ತಿಲ್ಲ ಎಂಬಂತೆ ನೋಡುತ್ತಾಳೆ. ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳದು ಇಂಗ್ಲಿಷ್ ಉತ್ತರ. "ಭಾಷೆ ಹೋದ್ರೆ ಅದರ ಜೊತೆ ಯೋಚನೆನೂ ಹೋಗತ್ತೆ ಕಣೇ" ಎಂದು ನಾನು ಗೊಣಗುವುದು, ಅವಳು "ಓಕೆ ಅಮ್ಮಾ" ಎನ್ನುವುದು ನಮ್ಮ ಮನೆಯ ನಿತ್ಯಪಾಠ.

ಮೊನ್ನೆ ಕ್ಲಾಸಿನಲ್ಲಿ ಅದೇ ವಿಷಯ ಬಂತು. ನಾವಾಡುವ ಭಾಷೆ ನಾವು ಯೋಚಿಸುವ ಬಗೆಯನ್ನು ಬದಲಿಸುತ್ತದೆಯೇ ಎಂಬ ಪಾಠ. ಎಡ-ಬಲ ಎನ್ನದೆ ದಿಕ್ಕುಗಳಲ್ಲೇ ಮಾತಾಡುವ ಜನರ ಉದಾಹರಣೆ ಪುಸ್ತಕದಲ್ಲಿತ್ತು. ನನಗೆ ಅಷ್ಟು ಸಾಕಾಯಿತು. ಇದಕ್ಕೆ ಅಷ್ಟು ದೂರ ಯಾಕೆ ಹೋಗಬೇಕು, ನಮ್ಮವರೂ ಹಾಗೆಯೇ ಎಂದು ಶುರುಮಾಡಿದೆ. ಮೈಸೂರಿನಲ್ಲಿ ಅಮ್ಮ ಒಲೆಯ ಮುಂದಿನಿಂದಲೇ "ಪೂರ್ವದ ಗೋಡೆ ಗೂಡಲ್ಲಿ ಜೀರಿಗೆ ಡಬ್ಬಿ ಇದೆ, ತಗೊಂಬಾ" ಎನ್ನುತ್ತಿದ್ದುದು, ಊಟಕ್ಕೆ ಎಲೆ ಹಾಕುವ ಮೊದಲು ದಿಕ್ಕು ನೋಡುವುದು, ಉತ್ತರಕ್ಕೆ ತಲೆ ಹಾಕಿ ಮಲಗಿದವರನ್ನು ಎಬ್ಬಿಸಿ ತಿರುಗಿಸುವುದು, ಒಂದನ್ನೂ ಬಿಡಲಿಲ್ಲ. ಕನ್ನಡದ ಜೊತೆಗೆ ದಿಕ್ಸೂಚಿಯನ್ನೂ ತಲೆಯಲ್ಲಿಟ್ಟುಕೊಂಡೇ ನಾವು ಬೆಳೆಯುತ್ತೇವೆ ಎಂದು ಮುಗಿಸಿದಾಗ ನನಗೇ ರೋಮಾಂಚನವಾಯಿತು.

ಮುಂದಿನ ಸಾಲಿನ ಟೈಲರ್ ಕೀಟಲೆಯ ಹುಡುಗನಲ್ಲ. "ಹಾಗಾದರೆ ಈಗ ಪೂರ್ವ ಯಾವ ಕಡೆ, ಮಿಸೆಸ್ ರಾವ್?" ಎಂದು ಭಕ್ತಿಯಿಂದಲೇ ಕೇಳಿದ.

ಕಿಟಕಿಯಾಚೆ ನೋಡಿದೆ. ನವೆಂಬರಿನಲ್ಲಿ ಇಲ್ಲಿಯ ಸೂರ್ಯ ಯಾರ ಕೈಗೂ ಸಿಗುವುದಿಲ್ಲ. ಹೆಸರಿನಲ್ಲೇ ಉತ್ತರ ದಿಕ್ಕಿರುವ ನಾರ್ತ್ ಕ್ರೀಕ್‌ನಲ್ಲಿ ನನ್ನ ಮನೆ; ಅದೂ ನೆರವಿಗೆ ಬರಲಿಲ್ಲ. ಫೋನು ತಿರುಗು ಎಂದ ಕಡೆ ಕಾರು ತಿರುಗಿಸುವವಳಿಗೆ ದಿಕ್ಕೆಲ್ಲಿಂದ ಬರಬೇಕು? ಅಷ್ಟರಲ್ಲಿ ಅನಘಾ ಕಣ್ಣು ದೊಡ್ಡದು ಮಾಡಿಕೊಂಡು ಬಾಗಿಲ ಕಡೆ ಕತ್ತು ತಿರುಗಿಸುವುದು ಕಾಣಿಸಿತು. ಓಡಿಹೋಗುವ ಆತುರ ಇವಳಿಗೆ ಎಂದು ಸಿಟ್ಟು ಬಂದು, ಗಮನ ಇಲ್ಲಿರಲಿ ಎಂದು ಎಲ್ಲರೆದುರೇ ಗದರಿದೆ. ಆಮೇಲೆ ತೋಳು ಪೂರ್ತಿ ಚಾಚಿ, ಗಂಭೀರವಾಗಿ ಕಿಟಕಿಯತ್ತ ಬೆರಳು ತೋರಿಸಿದೆ.

ಟೈಲರ್ ಫೋನ್ ತೆಗೆದು ನೋಡಿದ. "ಅದು ಪಶ್ಚಿಮ" ಎಂದ, ತಪ್ಪು ತನ್ನದೇ ಎಂಬ ದನಿಯಲ್ಲಿ. ಯಾರಾದರೂ ನಕ್ಕಿದ್ದರೆ ಬದುಕಿಕೊಳ್ಳುತ್ತಿದ್ದೆ. ಈ ಊರಿನ ಮಕ್ಕಳು ಮರ್ಯಾದಸ್ಥರು, ಎಲ್ಲರೂ ತಲೆತಗ್ಗಿಸಿ ಡೆಸ್ಕ್ ನೋಡಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಚಾಚಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ, ಏನೂ ಬರೆದಿರದ ಬೋರ್ಡನ್ನು ಒರೆಸಿದೆ.

ಮನೆಗೆ ಹೋಗುವಾಗ ಕಾರಿನಲ್ಲಿ ಅನಘಾಳೇ ಬಾಯಿ ಬಿಟ್ಟಳು. "ಅಮ್ಮಾ, ಐ ವಾಸ್ ಶೋಯಿಂಗ್ ಯು. ಬಾಗಿಲು ಈಸ್ಟ್."

"ನಿಂಗೆ ಹೇಗೆ ಗೊತ್ತು?"

ಬೇಸಿಗೆಯಲ್ಲಿ ಮೈಸೂರಿನಿಂದ ನನ್ನಮ್ಮ ಬಂದಿದ್ದಾಗ, ಬೆಳಿಗ್ಗೆ ಪೂರ್ವಕ್ಕೆ ಕೈಮುಗಿಯಲು ಮೊಮ್ಮಗಳನ್ನೇ ದಿಕ್ಕು ಕೇಳುತ್ತಿದ್ದಳಂತೆ. ಪಾರ್ಕಿಗೆ ಹೋದರೂ ಕೇಳುವಳು, ಮಾಲಿಗೆ ಹೋದರೂ ಕೇಳುವಳು. ಇವಳು ಮೊದಮೊದಲು ಫೋನ್ ನೋಡಿ ಹೇಳಿದಳು. ಬರಬರುತ್ತ ನೋಡದೆಯೇ ತಿಳಿಯತೊಡಗಿತಂತೆ. ಕನ್ನಡ ಉಳಿಸಿಕೊಂಡ ನಾನು ದಿಕ್ಕು ಕಳೆದುಕೊಂಡಿದ್ದೆ. ದಿನಾ ನನ್ನ ಗೊಣಗಾಟ ಕೇಳುತ್ತಿದ್ದ ಹುಡುಗಿ ಇಂಗ್ಲಿಷಿನಲ್ಲೇ ಅದನ್ನು ಕಲಿತಿದ್ದಳು. ಅವಳನ್ನು ಗದರಿದ್ದು ನೆನೆದು ತುಂಬಾ ನಾಚಿಕೆಯಾಯಿತು. "ಸಾರಿ ಕಣೇ" ಎಂದೆ.

"ಇಟ್ಸ್ ಓಕೆ. ಇನ್ನೊಂದಿದೆ. ನಿಮ್ಮ ಮಂಚದಲ್ಲಿ ನಿಮ್ಮ ತಲೆ ನಾರ್ತ್‌ಗಿದೆ. ಅಜ್ಜಿ ಟೋಲ್ಡ್ ಮಿ ನಾಟ್ ಟು ಸೇ." ಆಮೇಲೆ ಅಜ್ಜಿಯ ಮಾತನ್ನು ಅಜ್ಜಿಯ ಕನ್ನಡದಲ್ಲೇ, ಒಂದು ಅಕ್ಷರವೂ ತಪ್ಪದೆ ಒಪ್ಪಿಸಿದಳು: "ಸುಮ್ನಿರು ಪುಟ್ಟಾ, ನಿಮ್ಮಮ್ಮ ಟೀಚರ್ರು, ಅವಳಿಗೆ ಏನೂ ಹೇಳೋಹಾಗಿಲ್ಲ."

ಮನೆಗೆ ಬಂದವಳೇ ದಿಂಬುಗಳನ್ನು ಎತ್ತಿ ಮಂಚದ ಇನ್ನೊಂದು ತುದಿಗೆ ಹಾಕತೊಡಗಿದೆ. ಆಗಷ್ಟೇ ಆಫೀಸಿನಿಂದ ಬಂದ ನನ್ನವರು "ಏನೇ ಇದು?" ಎಂದರು.

"ದಕ್ಷಿಣಕ್ಕೆ ತಲೆ ಹಾಕ್ಬೇಕು. ಇದೆಲ್ಲ ನಮಗೆ ರಕ್ತದಲ್ಲೇ ಬಂದಿರತ್ತೆ" ಎಂದೆ, ಕ್ಲಾಸಿನ ದನಿಯಲ್ಲೇ.

ಪಕ್ಕದ ಕೋಣೆಯಲ್ಲಿ ಅನಘಾ ಕೆಮ್ಮಿದಳು.