ಗೊಂಡರ ವಸ್ತಿಯ ಮೆಂಬರ್ ಅಕ್ಕೋರು

ರಾಜಕೀಯದವರ ಗಾಡಿ ಓಡಿಸುವವನು ನಗಲು ಬೇರೆ ನಾಟಕಕ್ಕೆ ಹೋಗಬೇಕಾಗಿಲ್ಲ, ಜೀಪಿನ ಕನ್ನಡಿಯಲ್ಲಿ ಹಿಂದಿನ ಸೀಟು ಕಂಡರೆ ಸಾಕು. ನಾನು ಹುಮನಾಬಾದಿನ ಡ್ರೈವರ್. ಘಾಟಬೋರಾಳದ ಆಚೆ ಕುರಿ ಕಾಯುವ ಗೊಂಡರ ವಸ್ತಿಯೊಂದಿದೆ. ಆ ವಸ್ತಿಯಿಂದ ಮೊದಲ ಸಲ ಚುನಾವಣೆಗೆ ನಿಂತ ಹೆಣ್ಣುಮಗಳ ಜೊತೆ ವರ್ಷಗಟ್ಟಲೆ ತಿರುಗಿದ್ದೇನೆ. ಎಲ್ಲರಿಗೂ ಅವರು ‘ಅಕ್ಕೋರು’.

ವಸ್ತಿಗೆ ರಸ್ತೆ ಇರಲಿಲ್ಲ. ಒಂದು ಮಳೆಗಾಲ ಅಕ್ಕೋರ ನಾದಿನಿಯನ್ನು ಹೆರಿಗೆಗೆ ಹೊರಸು ಮಂಚದ ಮೇಲೆ ಆಸ್ಪತ್ರೆಗೆ ಹೊತ್ತುಕೊಂಡು ಹೊರಟರು. ಅರ್ಧ ದಾರಿಯಲ್ಲಿ, ತೊಗರಿ ಹೊಲದಲ್ಲೇ ಕೂಸು ಹುಟ್ಟಿತು. ತಾಯಿ-ಮಗು ಉಳಿದದ್ದೇ ದೊಡ್ಡದು. ಪಂಚಾಯ್ತಿ ಚುನಾವಣೆ ಬಂದದ್ದೇ ತಡ, ಅಕ್ಕೋರು ನಾಮಪತ್ರ ಕೊಟ್ಟುಬಿಟ್ಟರು.

೧. ಸೀಟಿ

ಅವರಿಗೆ ಸಿಕ್ಕ ಚಿಹ್ನೆ ಸೀಟಿ. ಪ್ರಚಾರದ ಮೊದಲ ದಿನ ಊರ ಬಾಗಿಲಲ್ಲಿ ನಿಂತು ಜೋರಾಗಿ ಊದಿದರು. ಮಂದಿ ಬರಲಿಲ್ಲ. ಬಯಲಿನಲ್ಲಿ ಮೇಯುತ್ತಿದ್ದ ಅವರ ಕುರಿಗಳೆಲ್ಲ ಓಡಿ ಬಂದವು. ಮುಂದೆ ನಾವು ಎಂಟು ಜನ, ಹಿಂದೆ ಇನ್ನೂರು ಕುರಿ, ಹಾಗೇ ಮೆರವಣಿಗೆ ಊರು ಹೊಕ್ಕಿತು.

ಓಟಿಗೆ ರೊಕ್ಕ ಹಂಚುವ ಎದುರಾಳಿ ಕಟ್ಟೆಯ ಮೇಲೆ ಕೂತು ನಕ್ಕ. “ಏನ್ರಿ ಅಕ್ಕೋರ, ಮಂದಿ ಭಾಳ ಕೂಡ್ಯಾರಲ್ಲ! ಇವಕ್ಕ ಓಟ್ ಅದಾವೇನು?”

“ಓಟ್ ಇಲ್ಲ ಖರೆ,” ಅಂದರು ಅಕ್ಕೋರು. “ಆದ್ರ ಇವು ಸಂತಿ ದಿನ ಬಿಟ್ರ ಬ್ಯಾರೆ ದಿನ ಮಾರಾಟ ಆಗಂಗಿಲ್ರಿ.”

ಆ ಮಾತಿಗೇ ಗೆದ್ದರು ಅಂತ ಊರವರು ಇವತ್ತಿಗೂ ಹೇಳುತ್ತಾರೆ.

೨. ಕಂಬಳಿ

ಗೆದ್ದರೂ ರಸ್ತೆಯ ಫೈಲು ಹುಮನಾಬಾದಿನ ಒಂದು ಕಚೇರಿಯಲ್ಲಿ ಮಲಗಿತ್ತು. ಹೋದಾಗಲೆಲ್ಲ ಅಲ್ಲಿನ ಗುಮಾಸ್ತರದು ಒಂದೇ ಉತ್ತರ: “ಸಾಹೇಬ್ರ ಸಹಿ ಆಗ್ಬೇಕ್ರಿ. ನಾಳಿ ಬರ್ರಿ.”

ಐದನೇ ಸಲ ಅಕ್ಕೋರು ವಾಪಸ್ ಹೊರಡಲಿಲ್ಲ. ಸಾಹೇಬರ ಮೇಜಿನ ಎದುರಿಗೇ ನೆಲದ ಮೇಲೆ ಕೂತು, ಚೀಲದಿಂದ ಉಣ್ಣೆ ತೆಗೆದು, ಕದಿರು ತಿರುಗಿಸಿ ನೂಲತೊಡಗಿದರು. ಮರುದಿನವೂ ಅದೇ. ಮೂರನೇ ದಿನದ ಹೊತ್ತಿಗೆ ಎಳೆಗಳು ಹಾರಿ ಹಾರಿ ಕಚೇರಿಯವರೆಲ್ಲ ಸೀನುತ್ತಿದ್ದರು. ಸಾಹೇಬರ ಚಹಾದಲ್ಲೂ ಉಣ್ಣೆ.

“ಎಷ್ಟ ದಿನ ಕೂಡಾವ್ರ ಇದ್ದೀರಿ ಅಕ್ಕೋರ?” ಅಂತ ಸಾಹೇಬರು ಮೂಗು ಒರೆಸಿಕೊಳ್ಳುತ್ತ ಕೇಳಿದರು.

“ಒಂದ್ ಕಂಬಳಿ ಆಗೂ ತನಕ್ರಿ.”

“ಹಾಂಗಾರ ಇವತ್ತ ಮುಗೀತಲ್ಲ?”

“ಇಲ್ರಿ ಸಾಹೇಬ್ರ, ಈಗ ಬರೇ ನೂಲಾಕತ್ತೇನಿ. ನಾಳಿಂದ ಮಗ್ಗ ತರ್ತೀನಿ.”

ಸಂಜೆಯೊಳಗೆ ಸಹಿ ಬಿತ್ತು. ಬೇಸಿಗೆಗೆ ಡಾಂಬರು ಬಂತು. ಹೊಲದಲ್ಲಿ ಹುಟ್ಟಿದ್ದ ಆ ಕೂಸಿನ ಕೈಲೇ ಅಕ್ಕೋರು ತೆಂಗಿನಕಾಯಿ ಮುಟ್ಟಿಸಿ ಒಡೆದರು. ಸೆರಗಿನಿಂದ ಕಣ್ಣು ಒರೆಸಿಕೊಂಡು ಬಂದು ಜೀಪು ಹತ್ತಿದರು.

೩. ಅನುಭವ

ಬರೀ ರಸ್ತೆ ಆದರೆ ಸಾಕೇ? ವಸ್ತಿಗೆ ಬಸ್ಸು ಬೇಕು, ಶಾಲೆ ಬೇಕು. ತಾಲ್ಲೂಕು ಪಂಚಾಯ್ತಿಗೆ ನಿಲ್ಲುತ್ತೇನೆ ಅಂತ ಟಿಕೆಟ್ ಕೇಳಲು ಬಸವಕಲ್ಯಾಣಕ್ಕೆ ಹೋದೆವು. ಪಕ್ಷದ ಹಿರಿಯರು ಸಾಲಾಗಿ ಕುರ್ಚಿಯಲ್ಲಿ ಕೂತಿದ್ದರು.

“ಓದು ಎಷ್ಟಾಗ್ಯದ?” ಅಂದರು ಮುಖ್ಯಸ್ಥರು.

“ಮೂರನೇ ಕ್ಲಾಸ್ರಿ.”

“ಅನುಭವ?”

“ಮೂವತ್ ವರ್ಷ ಕುರಿ ಕಾಯ್ದೀನ್ರಿ.”

ಕೋಣೆಯ ತುಂಬ ನಗು. ನನ್ನ ತಲೆ ತಗ್ಗಿತು. ನಗು ನಿಂತ ಮೇಲೆ ಅಕ್ಕೋರು ಅಂದರು: “ಇನ್ನೂರ ಕುರಿ ಒಂದ ದಾರಿಗಿ ಹೊಂಟಾವ್ರಿ ನನ್ನ ಮಾತಿಗಿ. ನೀವು ಇಲ್ಲಿ ಹನ್ನೊಂದ ಮಂದಿ ಇದ್ದೀರಿ. ಒಂದ ದಾರಿಗಿ ಬಂದೀರೇನು?”

ಅದೇ ವಾರ ಆ ಹನ್ನೊಂದು ಮಂದಿ ಎರಡು ಗುಂಪಾಗಿ ಜಗಳಾಡಿದ್ದರಂತೆ. ಮುಖ್ಯಸ್ಥರು ಮೊದಲು ತಮ್ಮವರ ಕಡೆ ನೋಡಿದರು, ಆಮೇಲೆ ಅಕ್ಕೋರ ಕಡೆ. ಟಿಕೆಟ್ ಸಿಕ್ಕಿತು.

೪. ಸೋತ ಮರುದಿನ

ಟಿಕೆಟ್ ಸಿಕ್ಕಿತು, ಗೆಲುವು ಸಿಗಲಿಲ್ಲ. ಎಣಿಕೆ ಮುಗಿದ ಮರುದಿನ ಬೆಳಿಗ್ಗೆ ಅಕ್ಕೋರ ಮುಖ ನೋಡಲು ಧೈರ್ಯ ಇಲ್ಲದೆ ಜೀಪು ಒರೆಸುತ್ತ ನಿಂತಿದ್ದೆ. ಅವರೇ ಬಂದು, “ಗಾಡಿ ತೆಗಿ ಭೈಯಾ. ಓಟ್ ಹಾಕಿದವ್ರಿಗಿ ಶರಣ ಹೇಳಿ ಬರೂಣು” ಅಂದರು.

ನಮಗೆ ಅತಿ ಕಡಿಮೆ ಓಟು ಬಿದ್ದ ಊರಿಗೇ ಮೊದಲು ಹೋದೆವು. ಮೊದಲ ಮನೆಯವರು, “ಅಕ್ಕೋರ, ನಮ್ ಓಟ್ ನಿಮಗ!” ಅಂದರು. ಎರಡನೇ ಮನೆಯಲ್ಲೂ ಆಣೆ ಪ್ರಮಾಣ. ಮೂರನೇ ಮನೆಯ ಮುದುಕಪ್ಪ ನಮಗಾಗಿ ಅತ್ತೇಬಿಟ್ಟ. ಹೀಗೆ ಓಣಿ ಮುಗಿಯುವ ಹೊತ್ತಿಗೆ ಊರೆಲ್ಲ ನಮಗೇ ಓಟು ಹಾಕಿತ್ತು.

“ಭೈಯಾ,” ಅಕ್ಕೋರು ಗಂಭೀರವಾಗಿ ಕೇಳಿದರು, “ಹಾಂಗಾರ ಗೆದ್ದವ ಪಾಪ ಹ್ಯಾಂಗ ಗೆದ್ದ?”

ಕೊನೆಗೆ ಉಳಿದದ್ದು ಗೆದ್ದವನ ಮನೆಯೇ. “ಇಲ್ಲಿಗಿ ಬ್ಯಾಡ್ರಿ” ಅಂದೆ. ಅವರು ಆಗಲೇ ಇಳಿದಿದ್ದರು. ಬಾಗಿಲಲ್ಲಿ ಕೂತು ಕಾಳು ಹಸನು ಮಾಡುತ್ತಿದ್ದ ಅವನ ತಾಯಿ ಅತ್ತಿತ್ತ ನೋಡಿ, ಅಕ್ಕೋರ ಕೈ ಹಿಡಿದು, ಪಿಸುದನಿಯಲ್ಲಿ ಅಂದಳು: “ತಂಗಿ, ನಾ ನಿನಗ ಹಾಕೀನವ್ವ. ಹೆಣ್ಮಕ್ಕಳ ಸಂಕಟ ಅವಗೇನ ತಿಳೀತದ? ನನ್ ಮಗಗ ಮಾತ್ರ ಹೇಳಬ್ಯಾಡ.”

ಒಳಗಿನಿಂದ ದೊಡ್ಡ ದನಿ ಬಂತು: “ಯವ್ವಾ! ನಾ ಇಲ್ಲೇ ಇದ್ದೀನಿ!”

ಅಕ್ಕೋರು ತುಟಿ ಬಿಗಿಹಿಡಿದು ಜೀಪು ಹತ್ತಿ ಬಾಗಿಲು ಹಾಕಿಕೊಂಡರು. ನಾನು ನಕ್ಕೂ ನಕ್ಕೂ ಗೇರು ಹಾಕಲಾರದೆ ಕೂತಿದ್ದೆ.

“ನಗೂದ ಬಿಡು, ಗಾಡಿ ಹೊಡಿ,” ಅಂದರು ಅಕ್ಕೋರು. “ಮುಂದಿನ ಸಲಕ್ಕ ಒಂದ್ ಓಟ್ ಪಕ್ಕಾ ಆತು. ಉಳಿದವ್ರನ್ನ ಇವತ್ತಿಂದ ಹುಡಕೂಣು.”