ಮೂವತ್ತೊಂದನೇ ಬಾಗಿಲಿನ ಸೊಸೆ

ಶಿಮ್ಕೆಂತ್ ನಗರದ ‘ಉಶ್ ಬೊಸಗ’ ಗೃಹಸಾಮಗ್ರಿ ಮಳಿಗೆಯಲ್ಲಿ ಎರಡು ಸುತ್ತೋಲೆಗಳು ಏಕಕಾಲಕ್ಕೆ ಜಾರಿಯಲ್ಲಿವೆ. ಮಾರ್ಚ್ ತಿಂಗಳ ಸುತ್ತೋಲೆಯ ಪ್ರಕಾರ, ಪ್ರದರ್ಶನಕ್ಕೆ ನಿಲ್ಲಿಸಿದ ಮಾದರಿಗಳನ್ನೂ ಬಿಡದೆ ಮಾರತಕ್ಕದ್ದು. ಏಪ್ರಿಲ್ ತಿಂಗಳ ಸುತ್ತೋಲೆಯ ಪ್ರಕಾರ, ಯಾವ ಮಾದರಿಯೂ ಮಳಿಗೆಯಿಂದ ಆಚೆ ಹೋಗತಕ್ಕದ್ದಲ್ಲ. ಎರಡರ ಕೆಳಗೂ ಒಬ್ಬರದೇ ಸಹಿ.

ಬಾಗಿಲು ವಿಭಾಗದ ಮೇಲ್ವಿಚಾರಕಿ ಕಮ್ಶಾತ್ ಎರಡನ್ನೂ ಅಕ್ಷರಶಃ ಪಾಲಿಸುತ್ತಿದ್ದಳು. ಕೆಲಸ ಖಾಯಂ ಆಗಲು ಅವಳಿಗಿನ್ನೂ ಹದಿನೆಂಟು ದಿನ ಬಾಕಿ. ಹಿಂದಿನ ಮೇಲ್ವಿಚಾರಕ ಒಂದೇ ಸುತ್ತೋಲೆಯನ್ನು ಪಾಲಿಸಿ ಮನೆಗೆ ಹೋಗಿದ್ದ.

ಆ ಬುಧವಾರ ಊರಿನ ಹಿರಿಯಾಕೆ ಬಿಬಿನುರ್ ಅಪಾ ಬಂದು ಮೂವತ್ತೊಂದನೇ ನಂಬರಿನ ಬಾಗಿಲನ್ನು ಕೊಂಡರು. ಅಕ್ರೋಟು ಮರ, ಟಗರಿನ ಕೊಂಬಿನ ಕೆತ್ತನೆ. ಶನಿವಾರ ಮಗ ಸೆರ್ಝಾನನ ಮದುವೆ. ಸೊಸೆ ಬಲಗಾಲಿಟ್ಟು ಬರಬೇಕಾದ ಬಾಗಿಲು. ಮನೆಯ ಹಳೇ ಬಾಗಿಲನ್ನು ಅವರು ಆಗಲೇ ಕಿತ್ತು ಕೋಳಿಗೂಡಿಗೆ ಹಾಕಿಸಿದ್ದರು.

“ಲಾರಿ ತರ್ಸಿದೀನಿ, ಎತ್ಸಮ್ಮ,” ಅಂದರು.

“ಬಾಗಿಲು ನಿಮ್ದೇ ಅಪಾ. ಆದ್ರೆ ಇಲ್ಲಿಂದ ಹೋಗಂಗಿಲ್ಲ.”

“ನನ್ ಬಾಗಿಲು ಇಲ್ಲಿದ್ರೆ ನಾನೇನ್ ಮಾಡ್ಲಿ?”

“ಉಪಯೋಗಿಸ್ಬೋದು. ತೆಗೀಬೋದು, ಹಾಕ್ಬೋದು. ಒಳಗೆ ಹೋಗ್ಬೋದು, ಹೊರಗೆ ಬರ್ಬೋದು. ಅದಕ್ಕೇನೂ ಅಡ್ಡಿಯಿಲ್ಲ.”

“ಹಂಗಾದ್ರೆ ವಾಪಸ್ ತಗೋ.”

ಕಮ್ಶಾತ್ ತಲೆ ತಗ್ಗಿಸಿದಳು. “ವಾಪಸ್ ತಗೋಬೇಕಂದ್ರೆ ಸಾಮಾನು ಹೊರಗಿಂದ ಒಳಗೆ ಬರ್ಬೇಕು ಅಪಾ.”

“ಶನಿವಾರ ಸೊಸೆ ಬರ್ತಾಳೆ ಕಣೇ.”

“ಶನಿವಾರ ಅಂಗಡಿ ರಾತ್ರಿ ಎಂಟರ ತನಕ ತೆಗ್ದಿರತ್ತೆ.”

ಬೇರೇನೂ ತೋಚದೆ ಆಡಿದ ಮಾತದು. ಅಪಾ ಅವಳನ್ನೇ ನೋಡಿದರು. ಬಾಗಿಲನ್ನೊಮ್ಮೆ ತೆಗೆದರು, ಹಿಂದೆ ಇಣುಕಿದರು. ಅಲ್ಲಿ ಗೋಡೆಕಾಗದದ ಸುರುಳಿಗಳು, ಒಂದು ಏಣಿ, ಆಮೇಲೆ ಬರೀ ಜಾಗ.

“ಐವತ್ತು ಜನಕ್ಕೆ ಸಾಲತ್ತೆ,” ಅಂದರು.

ಶನಿವಾರ ಎಪ್ಪತ್ತು ಜನ ಬಂದರು. ದೊಂಬ್ರಾ ನುಡಿಸುವವನು ಮೊಳೆಗಳ ಸಾಲಿನಲ್ಲಿ ನಿಂತು ಹಾಡಿದ. ಹೆಂಗಸರು ಎರಚಿದ ಮಿಠಾಯಿ ನಟ್ಟು ಬೋಲ್ಟುಗಳ ತೊಟ್ಟಿಗೆ ಬಿದ್ದು, ತೂಕಕ್ಕೆ ಮಾರಾಟವೂ ಆಯಿತು. ಸೊಸೆ ಇಂಕಾರ್ ಬಿಳಿ ಮುಸುಕಿನಲ್ಲಿ ಬಂದು, ಬೆಲೆಚೀಟಿ ತೂಗುತ್ತಿದ್ದ ಬಾಗಿಲನ್ನು ಬಲಗಾಲಿಟ್ಟು ದಾಟಿದಳು. ಬೆಂಕಿಗೆ ಕೊಬ್ಬು ಹಾಕುವ ಶಾಸ್ತ್ರಕ್ಕೆ ಬೆಂಕಿ ಬೇಕಿತ್ತು. ಮಾದರಿ ಒಲೆಯನ್ನು ಗ್ರಾಹಕರಲ್ಲದವರು ಹಚ್ಚುವಂತಿಲ್ಲ. ಆದ್ದರಿಂದ ಹುಡುಗನ ಸೋದರಮಾವ ನಿಂತ ಕಾಲಲ್ಲೇ ಒಲೆಯ ಗ್ರಾಹಕರಾದರು.

ಕೊಬ್ಬು ಚಟಪಟ ಅನ್ನುವಾಗ ಮ್ಯಾನೇಜರ್ ಕುವಾನಿಶ್ ಮಹಡಿಯಿಂದ ಇಳಿದು ಬಂದರು. ಕಮ್ಶಾತಳ ಕೆಲಸ ಖಾಯಂ ಆಗಲು ಹದಿನೈದು ದಿನ ಉಳಿದಿತ್ತಷ್ಟೇ.

“ಬಾಗಿಲು ಆಚೆ ಹೋಯ್ತಾ?”

“ಇಲ್ಲ ಸಾರ್.”

“ಮಾರಾಟ ಆಯ್ತಾ?”

“ಆಯ್ತು. ಒಲೇನೂ ಆಯ್ತು. ಬೀಗರು ಈಗ ಸಿಂಕ್ ನೋಡ್ತಿದಾರೆ.”

“ಮತ್ಯಾಕೆ ಮುಖ ಹಂಗಿಟ್ಕೊಂಡಿದೀಯ? ಹೋಗಿ ಕುಣಿ.”

ಅವಳು ಕುಣಿದಳು. ಮೊದಲು ಆದೇಶದ ಮೇರೆಗೆ, ಆಮೇಲೆ ತನ್ನಷ್ಟಕ್ಕೆ ತಾನೇ.

ಎಂಟು ಗಂಟೆಗೆ ಬೀಗರು ಹೊರಟರು, ಮದುಮಕ್ಕಳು ಹೊರಡಲಿಲ್ಲ. ಸೊಸೆ ಹೊಸ್ತಿಲು ದಾಟಿಯಾಗಿದೆ, ಇನ್ನು ಬೇರೆ ಮನೆಗೆ ಕರೆದೊಯ್ದರೆ ಅದು ಎರಡನೇ ಮದುವೆಯಾಗುತ್ತದೆ ಎಂದು ಹಿರಿಯರು ತೀರ್ಮಾನಿಸಿದ್ದರು. ಮರುದಿನ ಸೆರ್ಝಾನ್ ಗೋಡೆ ಕೊಂಡ. ಅದರ ಮರುದಿನ ಇಂಕಾರ್ ಕಿಟಕಿ ಕೊಂಡು, ಪೇಂಟ್ ಡಬ್ಬಗಳ ಕಡೆಗೆ ಮುಖ ಮಾಡಿ ಕೂರಿಸಿಕೊಂಡಳು. ಅವಳ ತಂಗಿಗೆ ಮೂವತ್ತಾರನೇ ಬಾಗಿಲು ಹಿಡಿಸಿತು.

ಕೇಂದ್ರ ಕಚೇರಿಗೆ ಸುದ್ದಿ ಮುಟ್ಟಿ, ಅಸ್ತಾನಾದಿಂದ ತಪಾಸಣಾಧಿಕಾರಿ ಬಂದರು. ಅಷ್ಟರಲ್ಲಿ ಒಂಬತ್ತು ಸಂಸಾರಗಳಾಗಿದ್ದವು. ಅಧಿಕಾರಿ ಪ್ರತಿ ಬಾಗಿಲನ್ನೂ ಬೆರಳಲ್ಲಿ ತಟ್ಟಿ, ಪ್ರತಿ ಮನೆಯಲ್ಲೂ ಚಹಾ ಕುಡಿದು, ಗಂಭೀರ ಲೋಪವೊಂದನ್ನು ದಾಖಲಿಸಿದರು: ಒಂದಕ್ಕೂ ಕರೆಗಂಟೆ ಇಲ್ಲ. ಏಳನೇ ವಿಭಾಗದಿಂದ ಒಂಬತ್ತು ಕರೆಗಂಟೆ ತರಿಸಿ ಮಾರಲಾಯಿತು. ಮೂರನೇ ಸುತ್ತೋಲೆ ಹೊರಬಿತ್ತು: ‘ಗ್ರಾಹಕರಿಗೆ ಸಾಮಾನು ತಲುಪಿಸುವುದಕ್ಕಿಂತ ಸಾಮಾನಿಗೆ ಗ್ರಾಹಕರನ್ನು ತಲುಪಿಸುವುದು ಮಿತವ್ಯಯಕರ. ಎಲ್ಲ ಶಾಖೆಗಳೂ ಅನುಸರಿಸತಕ್ಕದ್ದು.’ ಅಂಚೆಯವನಿಗೂ ಇದರಿಂದ ಅನುಕೂಲವೇ ಆಗಿದೆ. ಅಲ್ಲಿ ನಾಯಿಗಳಿಲ್ಲ.

ಈಗ ದಿನವೂ ಎಂಟಕ್ಕೆ ಧ್ವನಿವರ್ಧಕದಲ್ಲಿ ಪ್ರಕಟಣೆ ಬರುತ್ತದೆ: ‘ಮಾನ್ಯ ಗ್ರಾಹಕರು ದಯವಿಟ್ಟು ಹೊರಡತಕ್ಕದ್ದು. ಮಾನ್ಯ ನಿವಾಸಿಗಳು ದಯವಿಟ್ಟು ಬಾಗಿಲು ಹಾಕಿಕೊಳ್ಳತಕ್ಕದ್ದು.’

ಓದುವವಳು ಕಮ್ಶಾತ್. ಕೆಲಸ ಖಾಯಂ ಆಗಿದೆ. ಊರಾಚೆಯ ಬಾಡಿಗೆ ಕೋಣೆ ಬಿಟ್ಟು ಅವಳೂ ನಲವತ್ತನೇ ಬಾಗಿಲು ಕೊಂಡಿದ್ದಾಳೆ. ಮನೆಯಿಂದ ಕೆಲಸಕ್ಕೆ ಮೂವತ್ತು ಹೆಜ್ಜೆ. ಆದರೂ ಮೊನ್ನೆ ಶನಿವಾರ ನಾಲ್ಕು ನಿಮಿಷ ತಡವಾಗಿ ಬಂದಳು. ಹಾಜರಿ ಪುಸ್ತಕದ ಕಾರಣದ ಕಾಲಮಿನಲ್ಲಿ ‘ದಾರಿಯಲ್ಲಿ ದಿಬ್ಬಣ ಅಡ್ಡ ಬಂತು’ ಎಂದು ಬರೆದಳು. ಕುವಾನಿಶ್ ಓದಿ, ಸರಿಯೆಂದು ಸಹಿ ಹಾಕಿದರು. ಅವರೂ ಅದೇ ದಿಬ್ಬಣದ ಹಿಂದೆ ಸಿಕ್ಕಿಕೊಂಡಿದ್ದರು.