ಇಳಕಲ್ ಸೆರಗಿನ ನೊಣ

ನನಗೇ ಯಾಕೆ ಹಿಂಗೆಲ್ಲ ಆಗುತ್ತೋ ಗೊತ್ತಿಲ್ಲ, ಆದ್ರೆ ವಾರಕ್ಕೊಂದು ಗ್ಯಾರಂಟಿ! ನೋಡಿ, ಸಿಂಗಾಪುರದಲ್ಲಿ ಬೆಟ್ಟದ ನದಿ ಇಲ್ಲ, ಟ್ರೌಟ್ ಮೀನು ಇಲ್ಲ, ನಾನು ಹುಟ್ಟಿದ್ದು ಮೊಟ್ಟೆನೂ ಒಳಗೆ ಬಿಡದ ಬಾಗಲಕೋಟೆ ಮನೇಲಿ. ಅಂಥವಳು ಇಲ್ಲಿನ ಆಂಗ್ ಮೋ ಕಿಯೋ ಬಡಾವಣೇಲಿ ಟ್ರೌಟ್ ಹಿಡಿಯೋದು ಕಲಿತೆ!

೧. ಮೊದಲ ಬೇಟೆ

ಕಲಿಸಿದ್ದು ನಮ್ಮ ಬ್ಲಾಕಿನ ಎರಡನೇ ಫ್ಲೋರ್ ಚೈನೀಸ್ ಅಂಕಲ್. ಪಾಸಿರ್ ಪಂಜಾಂಗ್ ಬಂದರಲ್ಲಿ ಕ್ರೇನ್ ಓಡಿಸಿ ರಿಟೈರ್ ಆದೋರು. ಲಿಫ್ಟಲ್ಲಿ ಅವರ ಗಾಳದ ಕೋಲು ನೋಡಿ ನಾನು ನಲವತ್ತು ಪ್ರಶ್ನೆ ಕೇಳಿದೆ, ತಪ್ಪಿಸ್ಕೊಳ್ಳೋಕಾಗದೆ ಕಲಿಸೋಕೆ ಒಪ್ಪಿದ್ರು. ಪ್ರತಿ ವರ್ಷ ನ್ಯೂಜಿಲ್ಯಾಂಡಿನ ಬೆಟ್ಟದ ನದೀಲಿ ನಿಂತು ಟ್ರೌಟ್ ಹಿಡಿದು, ವಾಪಸ್ ಬಿಟ್ಟು ಬರೋರು. ಈ ವರ್ಷ ಡಾಕ್ಟರ್ ಹೇಳ್ಬಿಟ್ರು, ಮಂಡಿ ಹೋಗಿದೆ, ಇದೇ ಕೊನೆ ಟ್ರಿಪ್ ಅಂತ.

"ನೀನೂ ಬಾ. ನನ್ನ ಕಣ್ಮುಂದೆ ಒಂದೇ ಒಂದು ಹಿಡಿ, ಸಾಕು" ಅಂದ್ರು ಅಂಕಲ್.

ಪ್ರಾಕ್ಟೀಸು ನಮ್ಮ ಬ್ಲಾಕ್ ಮುಂದಿನ ಹುಲ್ಲಲ್ಲಿ, ಕೊಕ್ಕೆ ಬದಲು ಉಲ್ಲನ್ ಗಂಟು. ಹಿಂದಕ್ಕೆ ಬೀಸು, ನಿಲ್ಲು, ಮುಂದಕ್ಕೆ ಬೀಸು. ನಾನು ನಿಲ್ಲೋದೇ ಮರೆತೆ! ದಾರ ಸೊಂಯ್ ಅಂತ ಮೇಲೆ ಹೋಗಿ, ಎರಡನೇ ಫ್ಲೋರ್ ಕಿಟಕಿಯಿಂದ ಹೊರಗೆ ಚಾಚಿದ್ದ ಬಟ್ಟೆ ಒಣಹಾಕೋ ಕೋಲಿಗೆ ಸುತ್ಕೊಳ್ತು. ಎಳೆದೆ. ಒಂದು ದೊಡ್ಡ ಚಡ್ಡಿ ತೇಲ್ತಾ ಇಳೀತು.

ಕಿಟಕೀಲಿ ಅಂಕಲ್ ಹೆಂಡತಿ: "ಗರ್ಲ್ ಆ, ದಟ್ ಒನ್ ನಾಟ್ ಫಿಶ್ ಲಾ. ದಟ್ ಒನ್ ಮೈ ಹಸ್ಬೆಂಡ್!"

೨. ಲೀವ್ ಕೇಳಿದ್ದು

ನಮ್ಮ ಮ್ಯಾನೇಜರ್ ಮೈಸೂರಿನೋರು. ಫೋನ್ ಮಾಡಿದೆ.

"ಸರ್, ಒಂದು ವಾರ ಲೀವ್ ಬೇಕು, ಫಿಶಿಂಗ್ ಮಾಡೋಕೆ."

ನಮ್ಮದು ಐಟಿ ಆಫೀಸು ನೋಡಿ, ಇಲ್ಲಿ ಫಿಶಿಂಗ್ ಅಂದ್ರೆ ಸುಳ್ಳು ಲಿಂಕ್ ಕಳಿಸಿ ಮೋಸ ಮಾಡೋದು! "ಯಾರಿಗಮ್ಮಾ?"

"ಟ್ರೌಟಿಗೆ ಸರ್."

"ಅದ್ಯಾವ ಕಂಪನಿ?"

"ಕಂಪನಿ ಅಲ್ಲ ಸರ್, ಮೀನು! ಕೊಕ್ಕೆಗೆ ಗರಿ, ದಾರ ಸುತ್ತಿ ಸುಳ್ಳು ನೊಣ ಮಾಡಿ ತೋರಿಸಿದ್ರೆ, ನಿಜ ಅನ್ಕೊಂಡು ಬಂದು ಕಚ್ಚುತ್ತೆ."

"ಗೊತ್ತು ಬಿಡು. ಹೋದ ತಿಂಗಳು ಸೆಕ್ಯುರಿಟಿ ಟೆಸ್ಟಲ್ಲಿ ಫ್ರೀ ಪಿಜ್ಜಾ ಲಿಂಕ್ ಕಚ್ಚಿದ್ದು ನೀನೇ ತಾನೆ?"

ಲೀವ್ ಮಾತ್ರ ಕೊಟ್ರು. ಪುಣ್ಯಾತ್ಮರು!

೩. ಹಾರದ ನೊಣ

ಅದೇ ಟೈಮಿಗೆ ಅವ್ವ ಊರಿಂದ ಬಂದಿದ್ಲು. ಮೀನಿನ ವಿಷಯ ನಾನು ಹೇಳೇ ಇರ್ಲಿಲ್ಲ. ಆಫೀಸಿಂದ ಬಂದು ನೋಡ್ತೀನಿ, ಅವ್ವನ ಕೈಯಲ್ಲಿ ಚಪ್ಪಲಿ, ಚಪ್ಪಲಿಗೆ ಚುಚ್ಕೊಂಡು ಅಂಕಲ್ ಕಟ್ಟಿಕೊಟ್ಟಿದ್ದ ಮೂರು ನೊಣ, ಟೇಬಲ್ ಮೇಲೆ ಉಳಿದಿದ್ದೆಲ್ಲ ಚಟ್ನಿ!

"ಎಷ್ಟ್ ಹೊಡದ್ರೂ ಜಾಗಾ ಬಿಟ್ಟು ಹಾರವಲ್ಲವು. ಎಂಥಾ ಮೊಂಡ ನೊಣ ಅದಾವ ನಿಮ್ಮ ಸಿಂಗಾಪುರದಾಗ!"

ಎಲ್ಲ ಒಪ್ಕೊಂಡೆ. ಅಂಕಲ್‌ನೂ ಕರ್ಕೊಂಡು ಬಂದೆ.

"ಹಿಡಿದು ಬಿಟ್ಟುಬಿಡ್ತೀವವ್ವಾ."

"ಬಿಡೂದಿದ್ರ ಹಿಡಿಯೂದ್ಯಾಕ?"

ಟ್ರಾನ್ಸ್‌ಲೇಟ್ ಮಾಡಿದೆ. ಅಂಕಲ್, "ನಲವತ್ತು ವರ್ಷದಿಂದ ನನ್ನ ಹೆಂಡತೀನೂ ಇದೇ ಕೇಳ್ತಿದಾಳೆ" ಅಂದ್ರು.

ಪಾಪ, ಅಲ್ಲೇ ಕೂತು ಹೊಸ ನೊಣ ಕಟ್ಟೋಕೆ ಶುರು ಮಾಡಿದ್ರು. ಕೊನೇದಕ್ಕೆ ಕೆಂಪು ದಾರ ಖಾಲಿ. ಅವ್ವ ಮುಖ ಊದಿಸ್ಕೊಂಡೇ ತನ್ನ ಇಳಕಲ್ ಸೆರಗಿಂದ ಒಂದು ರೇಷ್ಮೆ ಎಳೆ ಎಳೆದು ಕೊಟ್ಲು. "ಮೀನ ಸಿಕ್ಕರ, ತಪ್ಪಾಯ್ತಪ್ಪಾ ಅಂತ ಹೇಳಿ ಬಿಡಬೇಕು, ತಿಳೀತಿಲ್ಲೋ?"

೪. ತಪ್ಪಾಯ್ತಪ್ಪಾ

ನ್ಯೂಜಿಲ್ಯಾಂಡಿನ ನದೀಲಿ ಎರಡು ದಿನ ಏನೂ ಇಲ್ಲ! ಒಂದೊಂದಾಗಿ ನೊಣಗಳನ್ನ ದಡದ ಮರಕ್ಕೇ ಸಿಕ್ಕಿಸಿದೆ. ಕೊನೇ ದಿನ ಮಧ್ಯಾಹ್ನ, ಅಂಕಲ್ ಬಂಡೆ ಮೇಲೆ ಮಂಡಿ ಹಿಡ್ಕೊಂಡು ಕೂತಿದ್ರು. ಡಬ್ಬೀಲಿ ಉಳಿದಿದ್ದು ಅವ್ವನ ದಾರದ್ದೊಂದೇ.

ಬೀಸಿದೆ. ಈ ಸಲ ನಿಂತೆ! ಮುಂದಕ್ಕೆ ಬಿಟ್ಟೆ. ನೀರು ಗುಳುಕ್ ಅಂತು, ಕೋಲು ಬಿಲ್ಲಿನ ಥರ ಬಾಗ್ತು. ನಾನು "ಅಯ್ಯಯ್ಯೋ ಬಂತು ಬಂತು!" ಅಂತ ಕಿರುಚಿದೆ. ಅಂಕಲ್ ಮಂಡಿ ಮರೆತು ಬಲೆ ಹಿಡ್ಕೊಂಡು ನೀರಿಗಿಳಿದ್ರು. ಬಲೇಲಿ ಚುಕ್ಕಿ ಚುಕ್ಕಿ ಟ್ರೌಟು. ಅಂಕಲ್ ಕಣ್ಣಲ್ಲಿ ನೀರು.

"ತಪ್ಪಾಯ್ತಪ್ಪಾ" ಅಂದು ಬಿಟ್ಟುಬಿಟ್ಟೆ.

"ವಾಟ್ ಯು ಟೆಲ್ ದ ಫಿಶ್?"

"ಥ್ಯಾಂಕ್ಯೂ ಅಂತ, ಅಂಕಲ್." ಪೂರ್ತಿ ಸುಳ್ಳೇನಲ್ಲ. ಮೀನಿಗೆ, ಅವ್ವಂಗೆ, ಆ ಮಂಡಿಗೆ ನಾನು ಹೇಳಬೇಕು ಅಂತಿದ್ದಿದ್ದು ಅದೇ.

ವಾಪಸ್ ಬರುವಾಗ ಪ್ಲೇನಲ್ಲಿ ಅಂಕಲ್ ಏನೋ ಗೊಣಗ್ತಾನೇ ಇದ್ರು. ಪ್ರಾರ್ಥನೆ ಇರಬೇಕು ಅಂದ್ಕೊಂಡೆ. ನಮ್ಮ ಮನೆ ಬಾಗಿಲು ತೆಗೆದಿದ್ದು ಅವ್ವ. ಅಂಕಲ್ ಎರಡೂ ಕೈ ಮುಗಿದು, ಕಣ್ತುಂಬ್ಕೊಂಡು, ಸ್ಪಷ್ಟವಾಗಿ ಹೇಳಿದ್ರು: "ತಪ್ಪಾಯ್ತಪ್ಪಾ!"

ಅವ್ವ ಎರಡು ಹೆಜ್ಜೆ ಹಿಂದೆ ಸರಿದ್ಲು.

"ಅಯ್ಯ ಶಿವನ! ತಿಂದಬಿಟ್ರೇನ ಅದನ್ನ?"